ಎಂಟೂವರೆ ಅಂಕ ಸರಿ, ಆಡಿದ್ದು ಯಾವ ಫೋನಿನಲ್ಲಿ?

ಕನ್ನಡದಲ್ಲಿ ಗೇಮ್ ವಿಮರ್ಶೆ ಬರೆಯುವ, ವಿಡಿಯೊ ಮಾಡಿ ಅಂಕ ಹಾಕುವ ಗೆಳೆಯರಿಗೆ ಮತ್ತು ಪತ್ರಿಕೆಗಳ ತಂತ್ರಜ್ಞಾನ ಪುಟದ ಸಂಪಾದಕರಿಗೆ ಉತ್ತರ ಕನ್ನಡದಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಮಕ್ಕಳು ಈಗ ಗೇಮ್ ಡೌನ್‌ಲೋಡ್ ಮಾಡುವ ಮುಂಚೆ ನಿಮ್ಮ ವಿಮರ್ಶೆ ನೋಡುತ್ತಾರೆ. ಕೆಲವರು ಅದನ್ನು ನಂಬಿ ಮನೆಯವರ ಯುಪಿಐನಿಂದ ದುಡ್ಡನ್ನೂ ಕಟ್ಟುತ್ತಾರೆ. ಕನ್ನಡದಲ್ಲಿ ಇಷ್ಟು ವಿಮರ್ಶೆಗಳು ಬರುತ್ತಿರುವುದು ಸಂತೋಷವೇ. ಆದರೆ ಕೊನೆಯಲ್ಲಿ ದಪ್ಪಕ್ಷರದಲ್ಲಿ ಬರುವ ‘8.5/10’ನ್ನು ಇಟ್ಟುಕೊಂಡು ಓದುಗ ಏನು ಮಾಡಬೇಕು? ಯಾವ ಫೋನು, ಗೇಮಿನ ಯಾವ ಆವೃತ್ತಿ, ಎಷ್ಟು ಗಂಟೆ, ಯಾವ ನೆಟ್‌ವರ್ಕ್, ಗೇಮ್ ಪುಕ್ಕಟೆ ಬಂದದ್ದೋ ಕೊಂಡದ್ದೋ ಎಂಬುದು ಗೊತ್ತಿಲ್ಲದೆ ಆ ಅಂಕ ಯಾರ ಉಪಯೋಗಕ್ಕೂ ಬರುವುದಿಲ್ಲ. ನಮ್ಮ ಕೋರಿಕೆ ಇಷ್ಟೇ: ಅಂಕಕ್ಕಿಂತ ಮೊದಲು ಪರೀಕ್ಷೆಯ ವಿವರ ಬರಲಿ, ಯಾವ ಅಂಕಕ್ಕೆ ಏನರ್ಥ ಎಂಬುದು ಆಡಲು ಕೂರುವ ಮುಂಚೆಯೇ ನಿಗದಿಯಾಗಿರಲಿ.

ವಿವರ ಬಿಟ್ಟರೆ ಏನಾಗುತ್ತದೆ ಎನ್ನುವುದನ್ನು ಸೈಬರ್‌ಪಂಕ್ 2077 ತೋರಿಸಿಕೊಟ್ಟಿದೆ. 2020ರ ಡಿಸೆಂಬರ್ 10ಕ್ಕೆ ಬಿಡುಗಡೆಯಾದ ಈ ಗೇಮಿನ ಪಿಸಿ ಆವೃತ್ತಿ ಮಾತ್ರ ಮೊದಲೇ ವಿಮರ್ಶಕರ ಕೈ ಸೇರಿತ್ತು. ಆ ಅಂಕಗಳನ್ನು ನೋಡಿ ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 4ಕ್ಕೆ ಕೊಂಡವರಿಗೆ ಸಿಕ್ಕಿದ್ದು ಹೆಜ್ಜೆಹೆಜ್ಜೆಗೂ ತಡವರಿಸುವ, ಆಡುತ್ತಿದ್ದಂತೆ ಮುಚ್ಚಿಕೊಳ್ಳುವ ಗೇಮ್. ಸುಮಾರು ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆಯಿತು. ಮತ್ತೆ ಇಟ್ಟದ್ದು 2021ರ ಜೂನ್‌ನಲ್ಲಿ. ವಿಮರ್ಶಕರು ಬರೆದದ್ದು ಸುಳ್ಳಲ್ಲ. ಅದು ಪಿಸಿಯ ಅಂಕ ಮಾತ್ರ ಎಂಬುದು ಓದುಗರ ಕಣ್ಣಿಗೆ ಬೀಳುವಂತಿರಲಿಲ್ಲ, ಅಷ್ಟೇ. ಆಗ ನೆಟ್ ಇಲ್ಲದೆ ಆಡಲಾಗದಿದ್ದ 2013ರ ಸಿಮ್‌ಸಿಟಿ ಗೇಮಿನದ್ದು ಇನ್ನೊಂದು ಬಗೆ. ಬಿಡುಗಡೆಗೆ ಮೊದಲು ಖಾಲಿ ಸರ್ವರ್‌ನಲ್ಲಿ ಆಡಿ ಪಾಲಿಗನ್ ಜಾಲತಾಣ 9.5 ಕೊಟ್ಟಿತು. ಜನ ಬಂದು ಸರ್ವರ್ ಕುಸಿದ ಮೇಲೆ ಅದು 8ಕ್ಕೆ, ಆಮೇಲೆ 4ಕ್ಕೆ ಇಳಿದು, ಕೊನೆಗೆ 6.5ಕ್ಕೆ ಬಂದು ನಿಂತಿತು. ಹಾಗಾಗಿ ಆನ್‌ಲೈನ್ ಗೇಮಿಗೆ ಬಿಡುಗಡೆಗೆ ಮೊದಲೇ ಅಂಕ ಹಾಕಬೇಡಿ. ಬರೆಯಬೇಕಾದದ್ದನ್ನು ಬರೆಯಿರಿ, ಅಂಕದ ಜಾಗ ಖಾಲಿ ಬಿಡಿ. ಜನ ತುಂಬಿದ ಸರ್ವರ್‌ನಲ್ಲಿ ಒಂದು ವಾರಾಂತ್ಯವಾದರೂ ಕಳೆಯಲಿ.

ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ವಿಷಯ ಫೋನಿನದು. ಇಲ್ಲಿ ಗೇಮ್ ಎಂದರೆ ಬಹುಪಾಲು ಮೊಬೈಲ್ ಗೇಮ್. ಅದೂ ಅಪ್ಪನಿಂದಲೋ ಅಕ್ಕನಿಂದಲೋ ಕೈದಾಟಿ ಬಂದ 4 ಅಥವಾ 6 ಜಿಬಿ ರ‍್ಯಾಮಿನ ಫೋನು. ವಿಮರ್ಶೆ ನಡೆಯುವುದು ಮಾತ್ರ 12 ಜಿಬಿಯ ಹೊಸ ಫೋನಿನಲ್ಲಿ, ಎಸಿ ಕೋಣೆಯಲ್ಲಿ, ಹತ್ತು ನಿಮಿಷ. ಮೊಬೈಲ್ ಗೇಮಿನ ಬಣ್ಣ ಹತ್ತು ನಿಮಿಷಕ್ಕೆ ಬಯಲಾಗುವುದಿಲ್ಲ. ಪ್ರೊಸೆಸರ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಬಿಸಿ ಒಂದು ಮಿತಿ ದಾಟಿತೆಂದರೆ ಫೋನು ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ, ಪರದೆಯ ಬೆಳಕನ್ನೂ ತಗ್ಗಿಸುತ್ತದೆ. ಮೊದಲ ಪಂದ್ಯದಲ್ಲಿ ನುಣುಪಾಗಿ ಓಡಿದ ಗೇಮ್ ಮೂರನೆಯ ಪಂದ್ಯಕ್ಕೆ ಎಳೆಯುತ್ತದಲ್ಲ, ಕಾರಣ ಇದೇ.

ಅಳೆಯುವ ಕ್ರಮ ಕಷ್ಟದ್ದೇನಲ್ಲ. ಬ್ಯಾಟರಿ ಶೇ 80ಕ್ಕಿಂತ ಮೇಲಿರಲಿ, ಚಾರ್ಜರ್ ಕಿತ್ತಿಡಿ. ಚಾರ್ಜ್ ಆಗುವಾಗ ಬ್ಯಾಟರಿಯ ಬಿಸಿಯೂ ಸೇರಿ ಲೆಕ್ಕ ಕೆಡುತ್ತದೆ. ಬ್ಯಾಟರಿ ಸೇವರ್ ಆಫ್, ಬೆಳಕು ಅರ್ಧಕ್ಕೆ, ಆಟೊ ಬ್ರೈಟ್‌ನೆಸ್ ಬೇಡ. ಹಿಂದಿನ ದಪ್ಪ ಕವರ್ ತೆಗೆದು ಅಳೆದಿರೋ ಹಾಕಿಕೊಂಡೇ ಅಳೆದಿರೋ ಬರೆಯಿರಿ, ಏಕೆಂದರೆ ರಬ್ಬರ್ ಕವರ್ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಗ್ರಾಫಿಕ್ಸನ್ನು ಮೀಡಿಯಂಗೆ ಇಟ್ಟು, ಗೇಮಿನ ಒಂದೇ ಜಾಗದಲ್ಲಿ, 5ನೇ ನಿಮಿಷದಲ್ಲಿ ಒಂದು ಸಲ, 30ನೇ ನಿಮಿಷದಲ್ಲಿ ಇನ್ನೊಂದು ಸಲ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಪರದೆಯ ಮೇಲೆ ಬರುವ ಚಿತ್ರಗಳ ಸಂಖ್ಯೆ ಬರೆದುಕೊಳ್ಳಿ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್, 30 ಎಂದರೆ 33.3. ಇದರ ಜೊತೆಗೆ ಎಲ್ಲಕ್ಕಿಂತ ನಿಧಾನವಾಗಿ ಬಂದ ಶೇ 1ರಷ್ಟು ಫ್ರೇಮ್‌ಗಳ ಲೆಕ್ಕ, ಅಂದರೆ ‘ಒನ್ ಪರ್ಸೆಂಟ್ ಲೋ’ ಕೂಡ ಬೇಕು. ಸರಾಸರಿ ಬಹಳ ಮುಚ್ಚಿಡುತ್ತದೆ. ಸರಾಸರಿ 58 ಇದ್ದು ಒನ್ ಪರ್ಸೆಂಟ್ ಲೋ 21ಕ್ಕೆ ಬೀಳುವ ಗೇಮಿಗಿಂತ, ಸರಾಸರಿ 40 ಇದ್ದು ಲೋ 36ರಲ್ಲಿ ನಿಲ್ಲುವ ಗೇಮ್ ಕೈಗೆ ಹಿತ. ಮೊದಲನೆಯದು ಎದುರಾಳಿ ಮುಂದೆ ಬಂದ ಆ ಕ್ಷಣಕ್ಕೇ ಕೈಕೊಡುತ್ತದೆ.

ಅಳೆಯಲು ಹಲವು ಆಂಡ್ರಾಯ್ಡ್ ಫೋನುಗಳ ಗೇಮ್ ಮೋಡ್‌ನಲ್ಲೇ ಮೀಟರ್ ಇದೆ. ಪಿಸಿಯಲ್ಲಿ ಎಂಎಸ್‌ಐ ಆಫ್ಟರ್‌ಬರ್ನರ್ ಅಥವಾ ಕ್ಯಾಪ್‌ಫ್ರೇಮ್‌ಎಕ್ಸ್ ತಂತ್ರಾಂಶ ಸಾಕು, ಎರಡೂ ಉಚಿತ. ಸ್ಕ್ರೀನ್ ರೆಕಾರ್ಡಿಂಗ್ ಚಾಲೂ ಇಟ್ಟು ಅಳೆಯುವುದು ಮಾತ್ರ ಬೇಡ. ರೆಕಾರ್ಡಿಂಗ್ ತಾನೇ ಫೋನಿನ ಶಕ್ತಿಯನ್ನು ತಿನ್ನುತ್ತದೆ, ನೀವು ಬೈಯುವುದು ಗೇಮನ್ನು. ವಿಡಿಯೊಗೆ ದೃಶ್ಯ ಬೇಕಿದ್ದರೆ ಬೇರೆಯಾಗಿ ಆಡಿ ತೆಗೆಯಿರಿ.

ಕೋಣೆಯ ಉಷ್ಣಾಂಶವನ್ನೂ ಬರೆಯಿರಿ ಎಂದರೆ ನಗಬೇಡಿ. ಮೇ ತಿಂಗಳ ಕಾರವಾರದಲ್ಲಿ ಮಧ್ಯಾಹ್ನ ಫ್ಯಾನ್ ಕೆಳಗೆ ಕೂತು ಆಡುವವನ ಫೋನಿಗೂ, ಡಿಸೆಂಬರಿನ ಬೆಳಗ್ಗೆ ಶಿರಸಿಯಲ್ಲಿ ಆಡುವವಳ ಫೋನಿಗೂ ಸುತ್ತಲಿನ ಗಾಳಿಯೇ ಬೇರೆ. ಕರಾವಳಿಯ ಸೆಕೆ ಫೋನಿಗೆ ಅಷ್ಟು ತಟ್ಟುವುದಿಲ್ಲ, ಅದು ಬೆವರುವುದಿಲ್ಲವಲ್ಲ. ಅದಕ್ಕೆ ಲೆಕ್ಕ ಗಾಳಿಯ ಬಿಸಿ. ಸೆಕೆ ತಟ್ಟುವುದು ಬೆರಳಿಗೆ. ಒದ್ದೆ ಬೆರಳನ್ನು ಟಚ್ ಪರದೆ ಸರಿಯಾಗಿ ಗುರುತಿಸುವುದಿಲ್ಲ, ಜಾಯ್‌ಸ್ಟಿಕ್ ಎಳೆದ ಕಡೆ ಪಾತ್ರ ಹೋಗುವುದಿಲ್ಲ. ಗುಂಡಿಗಳ ಗಾತ್ರ, ಜಾಗ ಬದಲಿಸಿಕೊಳ್ಳಲು ಗೇಮ್ ಬಿಡುತ್ತದೆಯೇ ಎಂಬುದನ್ನು ಆದ್ದರಿಂದಲೇ ಪರೀಕ್ಷಿಸಬೇಕು.

ನೆಟ್‌ವರ್ಕಿನ ವಿಷಯದಲ್ಲಿ ಸ್ಪೀಡ್ ಟೆಸ್ಟಿನ ಎಂಬಿಪಿಎಸ್ ತೋರಿಸಿ ಸುಮ್ಮನಾಗುವುದು ವಾಡಿಕೆ. ಅದು ಡೌನ್‌ಲೋಡಿಗೆ ಬೇಕಾದ ಅಂಕಿ. ಪಂದ್ಯಕ್ಕೆ ಬೇಕಾದದ್ದು ಪಿಂಗ್, ಅಂದರೆ ಫೋನಿನಿಂದ ಸರ್ವರ್‌ಗೆ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು. ಅದರಲ್ಲೂ ಏರುಪೇರಿಲ್ಲದ ಪಿಂಗ್ ಬೇಕು. ಸ್ಥಿರವಾದ 90 ಮಿಲಿಸೆಕೆಂಡಿಗೆ ಕೈ ಒಗ್ಗಿಕೊಳ್ಳುತ್ತದೆ. 40ರಿಂದ 200ಕ್ಕೆ ಜಿಗಿಯುವ ಪಿಂಗಿಗೆ ಯಾವ ಕೈಯೂ ಒಗ್ಗುವುದಿಲ್ಲ. ಗೇಮಿನ ಸರ್ವರ್ ಮುಂಬೈಯಲ್ಲಿದೆಯೋ ಸಿಂಗಾಪುರದಲ್ಲಿದೆಯೋ ನೋಡಿ ಬರೆಯಿರಿ. ಒಂದೇ ಗೇಮನ್ನು ಫೈಬರ್‌ನಲ್ಲಿ ಒಮ್ಮೆ, ಮೊಬೈಲ್ ಡೇಟಾದಲ್ಲಿ ಒಮ್ಮೆ ಆಡಿ ಎರಡೂ ಅಂಕಿ ಕೊಡಿ.

ಇದಲ್ಲದೆ ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಸುಲಭವಾಗಿ ಮರೆತುಹೋಗುವ ಮೂರು ಪರೀಕ್ಷೆಗಳಿವೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಗೇಮ್ ತೆರೆಯಿರಿ. ಒಬ್ಬರೇ ಆಡುವ ಗೇಮೂ ನೆಟ್ ಇಲ್ಲದೆ ತೆರೆಯುವುದಿಲ್ಲ ಎಂದಾದರೆ ಜೋಯಿಡಾದ ಒಳಹಳ್ಳಿಯವರಿಗೆ ಅದು ಮೊದಲ ಸಾಲಿನಲ್ಲೇ ತಿಳಿಯಬೇಕು. ಎರಡನೆಯದಾಗಿ, ಪಂದ್ಯದ ನಡುವೆ ಡೇಟಾ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ಬಸ್ಸು ತಿರುವು ಹಾಕುವಾಗ ಸಿಗ್ನಲ್ ಹೋಗಿ ಬರುತ್ತದೆ. ಗೇಮ್ ನಿಮ್ಮ ಜಾಗ ಕಾಯ್ದಿಡುತ್ತದೋ, ಪಂದ್ಯ ಬಿಟ್ಟು ಓಡಿದಿರೆಂದು ದಂಡ ಹಾಕುತ್ತದೋ? ಮೂರನೆಯದು ಕರೆಂಟಿನ ಪರೀಕ್ಷೆ. ಆಡುತ್ತಿರುವಾಗಲೇ ಗೇಮನ್ನು ಬಲವಂತವಾಗಿ ಮುಚ್ಚಿ, ಪಿಸಿಯಾದರೆ ಟಾಸ್ಕ್ ಮ್ಯಾನೇಜರ್‌ನಿಂದ. ಮತ್ತೆ ತೆರೆದಾಗ ಎಷ್ಟು ನಿಮಿಷದ ಆಟ ಕಳೆದುಹೋಗಿದೆ ಎಂದು ನೋಡಿ. ಐದು ಬೇರೆ ಬೇರೆ ಕಡೆ ಹೀಗೆ ಮಾಡಿದರೆ ಆಟೊ ಸೇವ್ ಯಾವಾಗ ಆಗುತ್ತದೆ ಎಂಬುದು ತಿಳಿಯುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಲೈನ್ ಮೇಲೆ ಮರ ಬೀಳುವುದು ಹೊಸದಲ್ಲ. ನಲವತ್ತು ನಿಮಿಷಕ್ಕೊಮ್ಮೆ ಸೇವ್ ಆಗುವ ಗೇಮ್ ಇಲ್ಲಿ ಆಡಲಾಗದ ಗೇಮೇ ಸರಿ.

ಸೈಜಿನ ಬಗ್ಗೆಯೂ ಒಂದು ಮಾತು. ಪ್ಲೇ ಸ್ಟೋರ್ ತೋರಿಸುವುದು ಮೊದಲ ಕಂತನ್ನು. ಗೇಮ್ ತೆರೆದ ಮೇಲೆ ಒಳಗೆ ಇನ್ನಷ್ಟು ಇಳಿಯುತ್ತದೆ. ಎಲ್ಲ ಇಳಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಸ್ಟೋರೇಜ್ ನೋಡಿ, ಆ ಅಂಕಿ ಬರೆಯಿರಿ. ದಿನಕ್ಕೆ 1.5 ಜಿಬಿಯ ಪ್ಯಾಕ್ ಹಾಕಿಕೊಂಡವನಿಗೆ 9 ಜಿಬಿಯ ಗೇಮ್ ಎಂದರೆ ಆರು ದಿನದ ಡೇಟಾ.

ಇನ್ನು ದುಡ್ಡು. ‘ಉಚಿತ ಗೇಮ್’ ಎಂದು ಬರೆದು ಮುಗಿಸುವುದು ವಿಮರ್ಶೆಯಲ್ಲ. ಕನಿಷ್ಠ ಒಂದು ವಾರ, ದಿನಕ್ಕೆ ಒಂದೂವರೆ ಗಂಟೆಯಂತೆ, ಒಂದು ಪೈಸೆ ಕಟ್ಟದೆ ಆಡಿ. ಎಷ್ಟನೇ ಗಂಟೆಗೆ ಗೇಮ್ ನಿಧಾನವಾಯಿತು, ಯಾವ ಹಂತದಲ್ಲಿ ದುಡ್ಡು ಕಟ್ಟದೆ ಮುಂದೆ ಹೋಗಲು ಬೇಸರ ಬರುವಷ್ಟು ಕಾಯಬೇಕಾಯಿತು ಎಂಬುದನ್ನು ಗುರುತು ಹಾಕಿಕೊಳ್ಳಿ. ಮೊದಲೆರಡು ದಿನ ಕೈತುಂಬ ಬಹುಮಾನ ಕೊಟ್ಟು ಮೂರನೇ ದಿನ ಕೈ ಬಿಗಿಹಿಡಿಯುವುದು ಈ ಗೇಮ್‌ಗಳ ಹಳೆಯ ಪಟ್ಟು. ಎರಡೇ ದಿನ ಆಡಿ ಹಾಕಿದ ಅಂಕ ಯಾವಾಗಲೂ ಹೆಚ್ಚೇ ಇರುತ್ತದೆ.

ಬೆಲೆಯನ್ನು ರೂಪಾಯಿಯಲ್ಲಿ ಬರೆಯಿರಿ, ಗೇಮಿನೊಳಗೆ ನಡೆಯುವ ಜೆಮ್ಸ್‌ನಲ್ಲಿ ಅಲ್ಲ. ಪಾತ್ರದ ಒಂದು ಪೋಷಾಕಿಗೆ 800 ಜೆಮ್ ಎಂದಿಟ್ಟುಕೊಳ್ಳಿ. ಮಾರುವ ಪ್ಯಾಕ್‌ಗಳು 500 ಮತ್ತು 1,100. ಅಂದರೆ 1,100ರ ಪ್ಯಾಕನ್ನೇ ಕೊಳ್ಳಬೇಕು, ಉಳಿದ 300 ಯಾವುದಕ್ಕೂ ಸಾಲದೆ ಅಲ್ಲೇ ಕೂರುತ್ತದೆ. ಆ ಪೋಷಾಕಿನ ನಿಜ ಬೆಲೆ 1,100ರ ಪ್ಯಾಕಿನ ಪೂರ್ತಿ ಬೆಲೆ. ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳಲ್ಲಿ ಬೇಕಾದ ವಸ್ತು ಸಿಗುವ ಸಂಭವ ಶೇ 1 ಎಂದು ಬರೆದಿದ್ದರೆ, ನೂರು ಬಾರಿ ತೆರೆದರೆ ಒಂದು ಖಂಡಿತ ಎಂದು ಮಕ್ಕಳು ತಿಳಿಯುತ್ತಾರೆ. ಲೆಕ್ಕ ಹಾಗಿಲ್ಲ. ನೂರು ಜನ ತಲಾ ನೂರು ಪೆಟ್ಟಿಗೆ ತೆರೆದರೆ ಸುಮಾರು 63 ಮಂದಿಗೆ ಸಿಗುತ್ತದೆ, 37 ಮಂದಿಗೆ ಏನೂ ಸಿಗುವುದಿಲ್ಲ. ‘ಇಷ್ಟು ಸಲ ತೆರೆದ ಮೇಲೆ ಖಾತ್ರಿ’ ಎಂಬ ನಿಯಮ ಗೇಮಿನಲ್ಲಿದ್ದರೆ ಆ ಸಂಖ್ಯೆಯನ್ನು ರೂಪಾಯಿಗೆ ಗುಣಿಸಿ ತೋರಿಸಿ. ನಮ್ಮ ಪ್ರಕಾರ ಇಡೀ ವಿಮರ್ಶೆಯಲ್ಲಿ ತಂದೆತಾಯಿಗೆ ಬೇಕಾದ ಸಾಲು ಇದೊಂದೇ.

ಗೇಮಿನೊಳಗಿನ ಅಂಗಡಿ ಆಮೇಲೆ ತೆರೆಯುವುದೂ ಉಂಟು. ಕ್ರ್ಯಾಶ್ ಟೀಮ್ ರೇಸಿಂಗ್ ನೈಟ್ರೋ-ಫ್ಯೂಯೆಲ್ಡ್ ಎಂಬ ಗೇಮ್ 2019ರ ಜೂನ್‌ನಲ್ಲಿ ಬಂತು. ಒಳಗಿನ ನಾಣ್ಯಗಳನ್ನು ನಿಜದ ದುಡ್ಡಿಗೆ ಮಾರಲು ಶುರುಮಾಡಿದ್ದು ಆಗಸ್ಟ್‌ನಲ್ಲಿ, ವಿಮರ್ಶೆಗಳೆಲ್ಲ ಅಚ್ಚಾದ ಮೇಲೆ. ಹಾಗಾಗಿ 60 ದಿನಕ್ಕೆ ಮತ್ತೊಮ್ಮೆ ಗೇಮ್ ತೆರೆದು ಅಂಗಡಿಯ ಪುಟ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಹಣ ಕಟ್ಟಿ ಹಣ ಗೆಲ್ಲುವ ಆ್ಯಪ್‌ಗಳ ಬಗ್ಗೆ ಇಲ್ಲಿ ಹೇಳುವುದಕ್ಕೇನಿಲ್ಲ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಅವನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಅವುಗಳ ಲಿಂಕ್ ಹಾಕಿದ ‘ವಿಮರ್ಶೆ’ ವಿಮರ್ಶೆಯೇ ಅಲ್ಲ.

ಈಗ ಅಂಕಕ್ಕೆ ಬರೋಣ. ನಮ್ಮಲ್ಲಿ 35 ಬಂದರೆ ಪಾಸು, 60ಕ್ಕೆ ಫಸ್ಟ್ ಕ್ಲಾಸು ಎಂದು ಬೆಳೆದವರು ಹೆಚ್ಚು. ಗೇಮ್ ಲೋಕದ ಅಂಕಪಟ್ಟಿ ಬೇರೆ. ವಿಮರ್ಶಕರ ಅಂಕಗಳನ್ನು ಕೂಡಿಸಿ ನೂರಕ್ಕೆ ಸರಾಸರಿ ತೋರಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ ಸಿನಿಮಾಕ್ಕೆ 61ರಿಂದಲೇ ‘ಚೆನ್ನಾಗಿದೆ’ ಎನ್ನುವ ಹಸಿರು ಬಣ್ಣ, ಗೇಮಿಗೆ 75 ಆಗಬೇಕು. ಅಲ್ಲಿಂದ ಬಂದ ಅಭ್ಯಾಸವೇ ಇದು: ಕನ್ನಡ ವಿಡಿಯೊಗಳಲ್ಲೂ 7ಕ್ಕಿಂತ ಕೆಳಗೆ ಅಂಕ ಕಾಣುವುದಿಲ್ಲ, 6 ಎಂದರೆ ಬೈದಂತೆ. ಹತ್ತರಲ್ಲಿ ಆರು ಅಂಕ ಬಳಕೆಯಲ್ಲೇ ಇಲ್ಲ ಎಂದ ಮೇಲೆ ಹತ್ತರ ಅಳತೆ ಯಾಕೆ? ದಶಾಂಶದ್ದು ಇನ್ನೂ ಕಷ್ಟ. ಇವತ್ತು 8.3 ಕೊಟ್ಟವರಿಗೆ ಅದೇ ಗೇಮನ್ನು ತಿಂಗಳ ಮೇಲೆ ಆಡಿಸಿದರೆ 8.3 ಬರುವುದಿಲ್ಲ, ಅಷ್ಟು ಸೂಕ್ಷ್ಮ ಯಾರ ಕೈಯಲ್ಲೂ ಇಲ್ಲ.

ನಮ್ಮ ಸಲಹೆ ಐದೇ ಮೆಟ್ಟಿಲು, ಅರ್ಧ ಇಲ್ಲ. 5: ಈ ಬಗೆಯ ಗೇಮ್ ಇಷ್ಟವಿಲ್ಲದವರೂ ಆಡಿ ನೋಡಬೇಕು. 4: ಇಷ್ಟವಿರುವವರು ಪೂರ್ತಿ ಬೆಲೆಗೆ ಕೊಳ್ಳಬಹುದು. 3: ರಿಯಾಯಿತಿ ಬಂದಾಗ ನೋಡಬಹುದು. 2: ಒಂದೆರಡು ಒಳ್ಳೆಯ ಅಂಶಗಳಿವೆ, ದುಡ್ಡಿಗೆ ತಕ್ಕುದಲ್ಲ. 1: ಕೆಟ್ಟು ಕೂತಿದೆ. ಪ್ರತಿ ಮೆಟ್ಟಿಲಿಗೂ ನೀವು ಚೆನ್ನಾಗಿ ಬಲ್ಲ ಎರಡು ಹಳೆಯ ಗೇಮ್‌ಗಳ ಹೆಸರು ಬರೆದಿಟ್ಟುಕೊಳ್ಳಿ. ಹೊಸ ಗೇಮಿಗೆ 4 ಕೊಡುವ ಮುಂಚೆ ‘ಇದು ಆ ಎರಡರ ಸಾಲಿನಲ್ಲಿ ನಿಲ್ಲುತ್ತದೆಯೇ’ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಗ್ರಾಫಿಕ್ಸಿಗೆ 9, ಸಂಗೀತಕ್ಕೆ 8, ಕಥೆಗೆ 7, ಆಟಕ್ಕೆ 6, ಕೂಡಿಸಿ ನಾಲ್ಕರಿಂದ ಭಾಗಿಸಿದರೆ 7.5 ಎಂಬ ಪದ್ಧತಿಯನ್ನು ದಯವಿಟ್ಟು ಬಿಡಿ. ಸುಡೊಕುವಿಗೆ ಕಥೆ ಏಕೆ ಬೇಕು? ಸೇವ್ ಫೈಲನ್ನೇ ತಿಂದುಹಾಕುವ ಗೇಮ್ ಒಳ್ಳೆಯ ಸಂಗೀತದಿಂದ ಪಾಸಾಗುವುದು ಹೇಗೆ? ಸರಾಸರಿಗೆ ಬದಲು ಮಿತಿ ಹಾಕಿ. ಸೇವ್ ಕೆಟ್ಟರೆ 2ಕ್ಕಿಂತ ಮೇಲೆ ಹೋಗಬಾರದು. ದುಡ್ಡು ಕಟ್ಟಿದವನು ಬಲದಲ್ಲೂ ಮೇಲಾಗುತ್ತಾನೆಂದರೆ 3ಕ್ಕಿಂತ ಮೇಲಿಲ್ಲ. 30ನೇ ನಿಮಿಷದ ಫ್ರೇಮ್ ರೇಟ್ 5ನೇ ನಿಮಿಷದ ಅರ್ಧಕ್ಕೆ ಇಳಿದರೆ ಆ ಫೋನಿನ ಮಟ್ಟಿಗೆ 3ಕ್ಕಿಂತ ಮೇಲಿಲ್ಲ. ಈ ಮಿತಿಗಳನ್ನು ಮೊದಲೇ ಪ್ರಕಟಿಸಿಬಿಟ್ಟರೆ, ಆಮೇಲೆ ಅಭಿಮಾನಿಗಳು ಬಂದು ಜಗಳ ತೆಗೆದರೂ ನಿಮ್ಮ ಕಾಲಡಿ ನೆಲ ಗಟ್ಟಿ ಇರುತ್ತದೆ.

ಸಾಧ್ಯವಿದ್ದಲ್ಲಿ ಇಬ್ಬರು ಆಡಿ, ಮಾತಾಡಿಕೊಳ್ಳುವ ಮುಂಚೆ ಬೇರೆ ಬೇರೆ ಅಂಕ ಬರೆದಿಡಿ. ಒಬ್ಬರದು 2, ಇನ್ನೊಬ್ಬರದು 4 ಬಂದರೆ 3 ಎಂದು ರಾಜಿ ಮಾಡಬೇಡಿ. ಇಬ್ಬರಲ್ಲಿ ಒಬ್ಬರೂ ಕೊಡದ ಅಂಕ ಅದು. ಎರಡನ್ನೂ ಅಚ್ಚು ಹಾಕಿ, ಏಕೆ ಭೇದ ಬಂತೆಂದು ಬರೆಯಿರಿ. ಜಪಾನಿನ ಫಮಿತ್ಸು ಪತ್ರಿಕೆ ನಾಲ್ವರಿಂದ ತಲಾ ಹತ್ತರಂತೆ 40ಕ್ಕೆ ಅಂಕ ಹಾಕಿಸಿ, ನಾಲ್ಕನ್ನೂ ಬಿಡಿಬಿಡಿಯಾಗಿ ತೋರಿಸುತ್ತದೆ. 40ಕ್ಕೆ 40 ಮೊದಲು ಸಿಕ್ಕಿದ್ದು 1998ರಲ್ಲಿ ಆಕರಿನಾ ಆಫ್ ಟೈಮ್ ಗೇಮಿಗೆ.

ಅಂಕ ಒಂದು ಅತ್ತ ಇತ್ತ ಆದರೆ ಏನು ಮಹಾ ಎನ್ನುವವರಿಗೆ 2010ರ ಫಾಲ್‌ಔಟ್ ನ್ಯೂ ವೇಗಸ್ ನೆನಪಿಸಬೇಕು. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು, ಬಂದದ್ದು 84, ಬೋನಸ್ ಸಿಗಲಿಲ್ಲ ಎಂದು ಅದನ್ನು ತಯಾರಿಸಿದವರಲ್ಲಿ ಒಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಹೇಳಿದ್ದರು.

ಹಾಗೆಂದು ಕರುಣೆಯ ಅಂಕವೂ ಬೇಡ. ನಮ್ಮವರು ಮಾಡಿದ್ದು, ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಒಂದು ಮೆಟ್ಟಿಲು ಏರಿಸಿದರೆ ಮುಂದೆ ನಿಜವಾಗಿ ಚೆನ್ನಾಗಿರುವ ಕನ್ನಡ ಗೇಮಿಗೆ ಕೊಡಲು ಏನೂ ಉಳಿಯುವುದಿಲ್ಲ. ಪುಣೆಯ ತಂಡವೊಂದು 2020ರಲ್ಲಿ ತಂದ ರಾಜಿ ಗೇಮಿನ ಚಿತ್ರಗಳನ್ನು ಹೊಗಳಿದ ಹಲವು ವಿಮರ್ಶಕರು ಅದರ ಹೊಡೆದಾಟದ ಭಾಗವನ್ನು ಟೀಕಿಸಿದರು. ಎರಡೂ ಒಂದೇ ವಿಮರ್ಶೆಯಲ್ಲಿ ಇರಬಹುದು.

ಕನ್ನಡ ಇರುವ ಗೇಮಿನಲ್ಲಿ ಪರೀಕ್ಷಿಸಬೇಕಾದದ್ದು ಅಕ್ಷರ. ‘ಯಲ್ಲಾಪುರ’, ‘ಸ್ತ್ರೀ’, ‘ಕೃಷ್ಣ’, ‘ಮಾರ್ಗ’ ಇಂಥ ಪದಗಳು ಬರುವ ಪುಟ ಹುಡುಕಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದಿದ್ದರೆ, ಅರ್ಕಾವೊತ್ತು ಇರಬೇಕಾದಲ್ಲಿ ‘ರ್’ ಬಿಡಿಯಾಗಿ ನಿಂತಿದ್ದರೆ, ತಪ್ಪು ಅನುವಾದದ್ದಲ್ಲ, ಎಂಜಿನ್ನಿನದು, ಅಂದರೆ ಗೇಮ್ ಕಟ್ಟಲು ಬಳಸಿದ ತಂತ್ರಾಂಶದ್ದು. ಯೂನಿಟಿ ಎಂಜಿನ್ನಿನಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೋ ಭಾರತೀಯ ಲಿಪಿಗಳ ಅಕ್ಷರಗಳನ್ನು ತಾನಾಗಿ ಕೂಡಿಸುವುದಿಲ್ಲ. ಗೋಡೋ 4 ಎಂಜಿನ್ನಿನಲ್ಲಿ ಅಕ್ಷರ ಕೂಡಿಸುವ ಹಾರ್ಫ್‌ಬಝ್ ಇರುವುದರಿಂದ ಸರಿಯಾದ ಫಾಂಟ್ ಕೊಟ್ಟರೆ ಕೂಡುತ್ತದೆ. ಇಷ್ಟನ್ನು ಬರೆದರೆ ತಯಾರಕರಿಗೆ ಎಲ್ಲಿ ಕೈಹಾಕಬೇಕೆಂದು ತಿಳಿಯುತ್ತದೆ.

ಪುಕ್ಕಟೆ ಬಂದ ಪ್ರತಿಯಲ್ಲಿ ಆಡುವುದು ತಪ್ಪಲ್ಲ, ಹೇಳದಿರುವುದು ತಪ್ಪು. ದುಡ್ಡು ಪಡೆದಿದ್ದರೆ ಅದು ಜಾಹೀರಾತು, ಅದಕ್ಕೆ ಅಂಕವೇ ಬೇಡ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಿಡಿಯೊದಲ್ಲಿ ಇದನ್ನು ಬಾಯಲ್ಲೂ ಹೇಳಬೇಕು, ಪರದೆಯ ಮೇಲೂ ತೋರಿಸಬೇಕು; ಲೈವ್ ಆದರೆ ಉದ್ದಕ್ಕೂ ಕಾಣುತ್ತಿರಬೇಕು. ಡಿಸ್ಕ್ರಿಪ್ಷನ್ನಿನ ತಳದಲ್ಲಿ ಇಂಗ್ಲಿಷಿನ ಒಂದು ಹ್ಯಾಶ್‌ಟ್ಯಾಗ್ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡವಿದೆ, ಮರುಕಳಿಸಿದರೆ 50 ಲಕ್ಷದವರೆಗೆ.

ಜನರ ಅಂಕಗಳನ್ನು ಉಲ್ಲೇಖಿಸುವಾಗ ಸ್ವಲ್ಪ ಎಚ್ಚರ ಇರಲಿ. ಪಿಸಿ ಗೇಮ್ ಮಾರುವ ಸ್ಟೀಮ್ ಜಾಲತಾಣದಲ್ಲಿ ಶೇ 95 ಎಂದರೆ ನೂರಕ್ಕೆ 95 ಮಂದಿ ‘ಆಡಬಹುದು’ ಎಂದರು ಎಂದಷ್ಟೇ ಅರ್ಥ, ಗೇಮಿಗೆ 95 ಅಂಕ ಬಂತೆಂದಲ್ಲ. ಪ್ಲೇ ಸ್ಟೋರ್‌ನ ನಕ್ಷತ್ರಗಳಲ್ಲಿ ಒಂದು ಮತ್ತು ಐದನ್ನು ಬಿಟ್ಟು ಮೂರು ಕೊಟ್ಟವರು ಬರೆದದ್ದನ್ನು ಮೊದಲು ಓದಿ. ಕಾರಣ ಸಿಗುವುದು ಅಲ್ಲಿಯೇ.

ಸಂಪಾದಕರೇ, ಜಾಗವಿಲ್ಲ ಎನ್ನಬೇಡಿ. ವಿವರಕ್ಕೆ ಬೇಕಾದದ್ದು ನಾಲ್ಕು ಸಾಲು, ಹೀಗೆ:

ಫೋನ್: 6 ಜಿಬಿ ರ‍್ಯಾಮ್, ಆಂಡ್ರಾಯ್ಡ್ 14, ಕವರ್ ಇಲ್ಲದೆ, ಕೋಣೆ 31 ಡಿಗ್ರಿ. ಗೇಮಿನ ಆವೃತ್ತಿ 1.4.2, ಪೂರ್ತಿ ಇಳಿದ ಮೇಲೆ 5.8 ಜಿಬಿ.
ಆಡಿದ್ದು: 14 ಗಂಟೆ, ಕಥೆ ಮುಗಿದಿಲ್ಲ, ರ‍್ಯಾಂಕ್ ಪಂದ್ಯ ಆಡಿಲ್ಲ.
ಫ್ರೇಮ್ ರೇಟ್: 5ನೇ ನಿಮಿಷಕ್ಕೆ 57, 30ನೇ ನಿಮಿಷಕ್ಕೆ 41, ಒನ್ ಪರ್ಸೆಂಟ್ ಲೋ 29. ಪಿಂಗ್: ಫೈಬರ್ 38, ಮೊಬೈಲ್ ಡೇಟಾ 70ರಿಂದ 160. ನೆಟ್ ಇಲ್ಲದೆ ತೆರೆಯುವುದಿಲ್ಲ.
ಪ್ರತಿ: ಕಂಪನಿ ಕೊಟ್ಟದ್ದು. ಖರ್ಚು: ಏನಿಲ್ಲ.

ಅಪ್‌ಡೇಟ್ ಬಂದು ಗೇಮ್ ಬದಲಾದರೆ ಅಂಕವೂ ಬದಲಾಗಲಿ. 2016ರಲ್ಲಿ ಬಹಳ ಜನರಿಂದ ಬೈಸಿಕೊಂಡ ನೋ ಮ್ಯಾನ್ಸ್ ಸ್ಕೈ ವರ್ಷಗಟ್ಟಲೆಯ ಅಪ್‌ಡೇಟ್‌ಗಳಿಂದ ಒಳ್ಳೆಯ ಗೇಮ್ ಆಯಿತು. ಮೊದಲ ವಾರದ ಅಂಕವನ್ನೇ ಇಂದಿಗೂ ತೋರಿಸುವುದು ಅನ್ಯಾಯ. ಆದರೆ ಹಳೆಯ ಅಂಕವನ್ನು ಅಳಿಸಿಹಾಕಬೇಡಿ. ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹೊಸ ಅಂಕ, ದಿನಾಂಕ, ಆವೃತ್ತಿಯ ಸಂಖ್ಯೆ ಮತ್ತು ಬದಲಾದ ಕಾರಣ ಬರೆಯಿರಿ. ವಿಡಿಯೊ ಆದರೆ ಪಿನ್ ಮಾಡಿದ ಕಾಮೆಂಟಿನ ಮೊದಲ ಸಾಲಿನಲ್ಲಿ, ಮುದ್ರಿತ ಪುಟವಾದರೆ ಮುಂದಿನ ವಾರ ಅದೇ ಜಾಗದಲ್ಲಿ.

ಇತಿ,
ಶಿರಸಿ ಮತ್ತು ಕಾರವಾರದ ಕೆಲವು ಗೇಮ್ ಪರೀಕ್ಷಕರು